ಅಂಡಮಾನಿಗೆ ಅಮೀರ್‌ಪೇಟ್ ಕೋಚಿಂಗ್

ಕೋರ್ಸ್ ಮಾಡದೆ ಏನನ್ನೂ ಶುರುಮಾಡುವ ಪದ್ಧತಿ ಹೈದರಾಬಾದಿನ ಅಮೀರ್‌ಪೇಟಿನಲ್ಲಿ ಇಲ್ಲ. ಮೈತ್ರಿವನದ ಸುತ್ತಮುತ್ತ ಜಾವಾ, ಪೈಥಾನ್, ಡೆವಾಪ್ಸ್ ಎಂದು ಬೋರ್ಡಿನ ಮೇಲೆ ಬೋರ್ಡು. ಅವುಗಳ ಸಂದಿಯಲ್ಲಿ ಇಣುಕುವ ಲೇಡೀಸ್ ಹಾಸ್ಟೆಲು. ಡಿಸೆಂಬರಿನಲ್ಲಿ ಅವ್ವನನ್ನು ಅಂಡಮಾನಿಗೆ ಕರೆದೊಯ್ಯುತ್ತೇವೆ ಎಂದು ನಾನು ಬಾಯಿಬಿಟ್ಟದ್ದೇ ತಡ, ಓಣಿಯವರೆಲ್ಲ ಫ್ಯಾಕಲ್ಟಿಯಾದರು. ಕೆಳಗಿನ ಜೆರಾಕ್ಸ್ ಅಂಗಡಿಯವನಂತೂ "ಮೆಟೀರಿಯಲ್ ಇದೆ ಸಾರ್, ಸ್ಪೈರಲ್ ಹಾಕಿಕೊಡಲಾ?" ಎಂದ. ಆತ ಅಂಡಮಾನ್ ನೋಡಿಲ್ಲ. ಜಾವಾ ಕೂಡ ಕಲಿತಿಲ್ಲ. ಎರಡರ ನೋಟ್ಸೂ ಅವನಲ್ಲಿವೆ.

ಮೊದಲ ಕ್ಲಾಸು ಎದುರುಮನೆಯವರದು. "ಅಲ್ಲಿ ಕಾಡುಜನ ಬಾಣ ಬಿಡ್ತಾರಂತೆ, ಹುಷಾರು." ಆ ಜನರಿರುವ ಉತ್ತರ ಸೆಂಟಿನೆಲ್ ದ್ವೀಪದ ಹತ್ತಿರ ಸುಳಿಯುವುದೇ ಕಾನೂನಿಗೆ ವಿರುದ್ಧ, ನಮಗೆ ಅವರ ಬಾಣಕ್ಕಿಂತ ಅವರಿಗೆ ನಮ್ಮ ನೆಗಡಿಯೇ ಹೆಚ್ಚು ಅಪಾಯ ಎಂದು ಹೇಳಿ ನೋಡಿದೆ. ಅಮೀರ್‌ಪೇಟಿನಲ್ಲಿ ವಿದ್ಯಾರ್ಥಿ ಎದುರು ಮಾತಾಡುವಂತಿಲ್ಲ.

ಅವ್ವ ಕಲಬುರಗಿಯವಳು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ ಅಂದೆ. "ವಿಜಯಪುರಕ್ಕ ಹೋಗ್ಲಾಕ ವಿಮಾನ ಯಾಕೋ ತಮ್ಮಾ? ನಮ್ಮೂರಿಂದ ಬಸ್ ಅದಾವಲ್ಲ!" ಬಿಜಾಪುರಕ್ಕೆ 2014ರಲ್ಲಿ ಆದ ಮರುನಾಮಕರಣವೇ ಪೋರ್ಟ್ ಬ್ಲೇರ್‌ಗೂ ಆಗಿದೆ ಎಂದು ತಿಳಿಹೇಳುವಷ್ಟರಲ್ಲಿ ಸಾಕಾಗಿ, ಹ್ಯಾವ್‌ಲಾಕ್ ದ್ವೀಪ ಕೂಡ 2018ರಿಂದ ಸ್ವರಾಜ್ ದ್ವೀಪ ಆಗಿದೆ ಎಂಬ ಸುದ್ದಿಯನ್ನು ನುಂಗಿಕೊಂಡೆ. ಹೊಸಬರು ಎರಡೂ ಹೆಸರು ನೆನಪಿಟ್ಟುಕೊಳ್ಳುವುದು ಕ್ಷೇಮ. ಆಟೋದವನು ಹಳೆಯದನ್ನು ಹೇಳುತ್ತಾನೆ, ಫಲಕ ಹೊಸದನ್ನು.

ಅವಳ ಬ್ಯಾಗು ತೆರೆದರೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ, ಅವುಗಳ ಅಡಿಯಲ್ಲಿ ಒಣಕೊಬ್ಬರಿ ಬಟ್ಟಲು. ತೆಂಗಿನಮರಗಳ ದ್ವೀಪಕ್ಕೆ ಕೊಬ್ಬರಿ! ವಿಮಾನದವರು ಒಣಕೊಬ್ಬರಿಯನ್ನು ಬೆಂಕಿ ಹತ್ತುವ ಸಾಮಾನಿನ ಪಟ್ಟಿಯಲ್ಲಿ ಇಟ್ಟಿದ್ದಾರೆ, ಅದರಲ್ಲಿರುವ ಎಣ್ಣೆಯ ದೆಸೆಯಿಂದ. "ಇಷ್ಟು ವರ್ಷ ಡಬ್ಬ್ಯಾಗ ಇಟ್ಟೀನಿ, ಎಂದೂ ಹತ್ತಿಲ್ಲ" ಎಂದು ಅವ್ವ ವಾದಿಸಿದಳು. ರೊಟ್ಟಿಗೆ ತಕರಾರಿಲ್ಲ.

ನಿಜಕ್ಕೂ ಬೇಕಾದ ಪಾಠವನ್ನು ಯಾರೂ ಹೇಳಲಿಲ್ಲ. ಹೈದರಾಬಾದಿಗೂ ಅಲ್ಲಿಗೂ ಗಡಿಯಾರ ಒಂದೇ, ಸೂರ್ಯ ಮಾತ್ರ ಹತ್ತಿರ ಹತ್ತಿರ ಒಂದು ಗಂಟೆ ಮುಂದೆ. ಡಿಸೆಂಬರಿನಲ್ಲಿ ಸಂಜೆ ಐದೂಕಾಲರ ಹೊತ್ತಿಗೆ ಹೊತ್ತು ಮುಳುಗಿರುತ್ತದೆ. ಹಾಗಾಗಿ ಎಂಟಕ್ಕೆ ಎದ್ದು, ಹತ್ತಕ್ಕೆ ಇಡ್ಲಿ ತಿಂದು, ಮಧ್ಯಾಹ್ನ ನಿದ್ದೆ ತೆಗೆದು ರಾಧಾನಗರ ಕಡಲತೀರಕ್ಕೆ ಹೊರಡುವವರಿಗೆ 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಶ್ರೇಷ್ಠ ಎಂದು ಹೊಗಳಿದ ಆ ತೀರದ ಕತ್ತಲೆ ಮಾತ್ರ ಕಾಣುತ್ತದೆ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗು ಹತ್ತುವ ಮುಂಚೆಯೇ ವಾಂತಿ ಮಾತ್ರೆ ನುಂಗಬೇಕು, ಹತ್ತಿ ಅಲೆ ಎದ್ದಮೇಲೆ ಅಲ್ಲ. ಸ್ಕೂಬಾ ಮುಳುಗಿದವರು ಒಂದಿಡೀ ದಿನ ಕಳೆದು ವಿಮಾನ ಹತ್ತಬೇಕು. ಇನ್ನು ದಂಡೆಯ ಹವಳದ ಚೂರು: ಅದು ಸತ್ತದ್ದಾದರೂ ಕಾನೂನಿನ ಕಣ್ಣಿಗೆ ವನ್ಯಜೀವಿಯೇ, ಹುಲಿಯ ಸಾಲಿನದು. ಜೇಬಿಗೆ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕು. ಚಿಪ್ಪಿನ ಸರ ಬೇಕೇ ಬೇಕೆಂದರೆ ಅಂಗಡಿಯಲ್ಲಿ ಕೊಂಡು ರಸೀದಿ ಕಾಪಾಡಿಕೊಳ್ಳಿ.

ಭಾಷೆಯ ಚಿಂತೆ ಬೇಡ. ಹಿಂದಿ ಎಲ್ಲೆಡೆ ನಡೆಯುತ್ತದೆ. ಬಂಗಾಳಿ, ತಮಿಳಿನವರ ಜತೆ ತೆಲುಗಿನವರೂ ಅಲ್ಲಿ ಬೇಕಾದಷ್ಟಿದ್ದಾರೆ. ಅಮೀರ್‌ಪೇಟಿನ ತರಕಾರಿ ಗಾಡಿಯ ಮುಂದೆ ಚೌಕಾಸಿ ಕಲಿತ ಅವ್ವನಿಗೆ ಇಷ್ಟು ಸಾಕು.

ಇಷ್ಟೆಲ್ಲ ಕೇಳಿಸಿಕೊಂಡ ಅವ್ವನದು ಒಂದೇ ಪ್ರಶ್ನೆ: "ಐದಕ್ಕೇ ಕತ್ತಲಾದ್ರ, ಮುಂದ ಧಾರಾವಾಹಿ ಹ್ಯಾಂಗ ನೋಡೋದು?" ಚೆನ್ನೈಯಿಂದ ಸಮುದ್ರದ ತಳದಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದು 2020ರಲ್ಲಿ ಇಂಟರ್‌ನೆಟ್ ಕೊಟ್ಟಿದ್ದಾರೆ, ಊರಲ್ಲಿದ್ದಾಗ ಮೊಬೈಲಿನಲ್ಲೇ ನೋಡಬಹುದು ಎಂದೆ. ಅವ್ವನ ಮುಖ ಅರಳಿತು. "ಸರ್ಕಾರದವ್ರು ಇಷ್ಟು ಕಷ್ಟಪಟ್ಟಾರಂದ್ರ ಹೋಗದಿದ್ರ ಹ್ಯಾಂಗ?" ಎನ್ನುತ್ತ ಕೊಬ್ಬರಿ ಬಟ್ಟಲನ್ನು ತಾನೇ ಹೊರಗೆ ತೆಗೆದು, ಆ ಜಾಗದಲ್ಲಿ ಚಾರ್ಜರ್ ತುರುಕಿದಳು.