ರೇಸಿಗೊಂದು ಬಯೋಡಾಟಾ

ನಮ್ಮ ಬಳಗದಲ್ಲಿ ಯಾರ ಬಯೋಡಾಟಾ ಆದರೂ ನಾನೇ ಬರೆಯಬೇಕು. ಕೈ ಪಳಗಿರುವುದು ಮಾತ್ರ ಮದುವೆಯವುಗಳಲ್ಲಿ. ಹಾಗಾಗಿ ಕಮಲಾಪುರದ ಅಳಿಯ ಗ್ಯಾರೇಜಿನ ಗ್ರೀಸ್ ಕೈಯಲ್ಲೇ ಕಲಬುರಗಿಗೆ ಬಂದು, ‘ಮಾಮಾ, ರೇಸಿಂಗ್ ಟೀಮಿಗೆ ಮೆಕ್ಯಾನಿಕ್ ಅಂತ ಅರ್ಜಿ ಹಾಕ್ಬೇಕು, ಜೋರಾಗಿ ಬರ್ದು ಕೊಡ್ರಿ’ ಎಂದಾಗ ನನ್ನ ಬೆರಳುಗಳು ತಾವಾಗಿಯೇ ಟೈಪಿಸಿದ್ದು: ‘ಗೋಧಿ ಬಣ್ಣ, ಶಾಂತ ಸ್ವಭಾವ, ಸ್ವಂತ ಹೊಲ.’

‘ಸ್ವಭಾವ ಬಿಡ್ರಿ, ಯಾವ ಇಂಜಿನ್ ಬಿಚ್ಚೀನಿ, ಎಷ್ಟು ಹೊತ್ತಿನ್ಯಾಗ ಕೂಡ್ಸೀನಿ ಅದು ಬರೀರಿ’ ಎಂದ. ಹೊತ್ತಿನ ಮಾತೇ ಗಂಡಾಂತರ. 2023ರ ಕತಾರ್ ಫಾರ್ಮುಲಾ ಒನ್ ರೇಸಿನಲ್ಲಿ ಮೆಕ್ಲಾರೆನ್ ತಂಡದ ಹುಡುಗರು 1.80 ಸೆಕೆಂಡಿನಲ್ಲಿ ನಾಲ್ಕೂ ಟೈರು ಬದಲಿಸಿಬಿಟ್ಟರು. ಅಷ್ಟರಲ್ಲಿ ನಮ್ಮ ಪಂಕ್ಚರ್ ಅಂಗಡಿಯವರು ‘ಕೂಡ್ರಿ’ ಎಂದಿರುತ್ತಾರೆ, ಅಷ್ಟೇ.

ಆದರೆ ನಮ್ಮವರ ಅರ್ಹತೆಗೇನು ಕೊರತೆ? ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯರಾದರು. ಅಲ್ಲಿನ ಮರಳುಗಾಡಿನ ಬಿಸಿಲಿಗೆ ತಯಾರಿ ಬೇಕಲ್ಲ? ‘ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ತಗಡಿನ ಶೆಡ್ಡಿನಡಿ ಸೈಲೆನ್ಸರ್ ಬಿಚ್ಚಿದ ಅನುಭವ’ ಎಂದು ದಪ್ಪಕ್ಷರದಲ್ಲಿ ಹಾಕಿದೆ. ಇದನ್ನು ಮೀರಿಸುವ ಸರ್ಟಿಫಿಕೇಟು ಯಾವ ಕಾಲೇಜೂ ಕೊಡಲಾರದು.

ಅವನ ತಾಯಿ, ಅಂದರೆ ನನ್ನ ಅಕ್ಕನಿಗೆ ಮಾತ್ರ ಕಾಗದದ ಮೇಲೆ ನಂಬಿಕೆಯಿಲ್ಲ. ಅರ್ಜಿಯ ಜೊತೆ ಕಮಲಾಪುರದ ಕೆಂಪು ಬಾಳೆಯ ಗೊನೆಯೊಂದು ಹೋಗಲೇಬೇಕಂತೆ. ಈಮೇಲಿಗೆ ಗೊನೆ ಲಗತ್ತಿಸಲು ಬರುವುದಿಲ್ಲವೆಂದು ಅವಳಿಗೆ ಇನ್ನೂ ವಿವರಿಸುತ್ತಲೇ ಇದ್ದೇನೆ.