ಶರದೃತುವಿನ ಎತ್ತರ: ಮೂರೂವರೆ ಅಡಿ

ಋತುವಿನ ಉದ್ದ ಎರಡು ತಿಂಗಳು ಎಂದು ಪಂಚಾಂಗದವರು ಎಂದೋ ಅಳೆದು ಮುಗಿಸಿದ್ದಾರೆ. ಅದರೊಳಗೆ ಬೀಳುವ ಮಳೆಯನ್ನು ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಅಳೆಯುತ್ತದೆ, ಬರುವ ಪೀಕನ್ನು ಎಪಿಎಂಸಿ ಕ್ವಿಂಟಲಿನಲ್ಲಿ ತೂಗುತ್ತದೆ. ಋತುವಿಗೆ ಎತ್ತರವೂ ಉಂಟು ಎಂಬ ಸಂಗತಿಯನ್ನು ಮಾತ್ರ ವಿದ್ವಾಂಸರು ಕಡೆಗಣಿಸುತ್ತ ಬಂದಿದ್ದಾರೆ. ವಿದ್ವಾಂಸರು ಬಹುಮಟ್ಟಿಗೆ ಐದಡಿ ಮೇಲ್ಪಟ್ಟವರಾದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಆಶ್ವೀಜ, ಕಾರ್ತಿಕ ಮಾಸಗಳನ್ನು ನೆಲದಿಂದ ಮೇಲಕ್ಕೆ ಪರಿಶೀಲಿಸುತ್ತ ಹೋದರೆ ಸಿಗುವ ಉತ್ತರ ಇಷ್ಟು: ಇಲ್ಲಿನ ಶರದೃತುವಿನ ಎತ್ತರ ಮೂರೂವರೆ ಅಡಿ. ಅದರ ಮೇಲಿರುವುದು ಆಕಾಶ ಮತ್ತು ಹಿರಿಯರು. ಆ ಎರಡು ತಿಂಗಳು ಎರಡೂ ಬಹುಪಾಲು ಖಾಲಿ. ಇತ್ತ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಪಟ್ಟಿಯ ಪ್ರಕಾರ ಮೂರು ವರ್ಷದ ಮಗು ಸುಮಾರು 95 ಸೆಂಟಿಮೀಟರ್, ಐದು ವರ್ಷದ್ದು ಸುಮಾರು 110 ಸೆಂಟಿಮೀಟರ್ ಇರುತ್ತದೆ. ಅಂದರೆ ಮೂರಡಿಯಿಂದ ಮೂರೂವರೆ ಅಡಿ, ಮೇಲೊಂದು ಬೆರಳು. ಈ ಹೊಂದಾಣಿಕೆ ಕಾಕತಾಳೀಯವಲ್ಲ ಎಂಬುದೇ ಪ್ರಸ್ತುತ ಪ್ರಬಂಧದ ವಾದ. ಶರದೃತುವನ್ನು ಶಾಲೆ ಸೇರದ ಮಕ್ಕಳಿಗೆಂದೇ ಮಾಡಲಾಗಿದೆ. ರೈತರು, ದೇವರು ಮತ್ತು ಕೃಷಿ ಇಲಾಖೆ ಅದರ ಸಿಬ್ಬಂದಿ.

ಈ ವಿಷಯದಲ್ಲಿ ಈವರೆಗಿನ ಸಾಹಿತ್ಯವೆಂದರೆ ಶಿಶುವಿಹಾರಗಳ ಗೋಡೆಗೆ ನೇತುಹಾಕುವ ಋತುಗಳ ಚಾರ್ಟು. ಅದರಲ್ಲಿ ಶರತ್ತು ಎಂದರೆ ಕಿತ್ತಳೆ ಬಣ್ಣದ ಎಲೆ ಉದುರುತ್ತಿರುವ ಒಂದು ಮರ, ಬುಡದಲ್ಲಿ ಉಣ್ಣೆಯ ಟೋಪಿ ಹಾಕಿದ ಎರಡು ಮಕ್ಕಳು. ಬಿದ್ದೆಲೆ ಆರಿಸಿ ಹಾಳೆಗೆ ಅಂಟಿಸಿರಿ, ತೋಟಕ್ಕೆ ಹೋಗಿ ಸೇಬು ಕೀಳಿರಿ, ಕುಂಬಳಕಾಯಿಗೆ ಕಣ್ಣು ಮೂಗು ಕೆತ್ತಿರಿ ಎಂಬುದು ಇಂಥ ಚಾರ್ಟಿನ ಬೆನ್ನಿಗೆ ಬರುವ ಉಪದೇಶ. ಕುಂದಗೋಳದ ತಾಯಿಯೊಬ್ಬಳು ಇದನ್ನು ನಂಬಿ ಮಗುವನ್ನು ಕರೆದುಕೊಂಡು ಅಕ್ಟೋಬರಿನಲ್ಲಿ ಬಿದ್ದೆಲೆ ಹುಡುಕಲು ಹೊರಟರೆ ಮಾಘ ಮಾಸದವರೆಗೆ ಬರಿಗೈಯಲ್ಲಿ ಅಲೆಯಬೇಕಾದೀತು. ನಮ್ಮಲ್ಲಿ ಗಿಡ ಬೋಳಾಗುವುದು ಶಿಶಿರದಲ್ಲಿ, ಕಲಘಟಗಿ ಕಡೆಯ ಸಾಗವಾನಿಯೂ ಸೇರಿ. ಶರತ್ತಿನಲ್ಲಿ ಎಲೆ ತಾನಾಗಿ ಉದುರುವುದಿಲ್ಲ. ಉದುರುವುದಿದ್ದರೆ ಒಂದೇ ದಿನ, ಒಂದೇ ಗಿಡದ್ದು, ಅದೂ ಮನುಷ್ಯರೇ ಕಿತ್ತು ಹಂಚುವುದು. ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕರೆದು ಊರವರು ಪರಸ್ಪರ ಕೊಟ್ಟುಕೊಳ್ಳುತ್ತಾರೆ. ದೊಡ್ಡವರು ಇದನ್ನು ಸಂಪ್ರದಾಯವೆಂದು ಮಾಡುತ್ತಾರೆ. ಎಲೆಯನ್ನು ನಿಜವಾಗಿ ಬಂಗಾರವೆಂದು ನಂಬಿ, ಮುಷ್ಟಿಯಲ್ಲಿ ಬಿಗಿಹಿಡಿದುಕೊಂಡೇ ನಿದ್ದೆಹೋಗುವವರು ನಾಲ್ಕು ವರ್ಷದವರು ಮಾತ್ರ. ಸಂಪ್ರದಾಯದ ನಿಜವಾದ ಫಲಾನುಭವಿ ಯಾರೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಹೊಲದ ಸಾಕ್ಷ್ಯ. ಹಸ್ತ, ಚಿತ್ತಿ ಮಳೆಯ ಹದ ನೋಡಿ ಎರೆ ಹೊಲಗಳಲ್ಲಿ ಕಡ್ಲಿ, ಬಿಳಿಜೋಳ, ಗೋಧಿ, ಕುಸುಬಿ ಬಿತ್ತುತ್ತಾರೆ. ದೀಪಾವಳಿ ಹೊತ್ತಿಗೆ ಜೋಳ ಮಗುವಿನ ಮೊಣಕಾಲು ದಾಟಿರುವುದಿಲ್ಲ. ಸಂಕ್ರಾಂತಿಗೆ ಅದೇ ಜೋಳ ಅಪ್ಪನನ್ನು ಮೀರಿ ನಿಂತಿರುತ್ತದೆ. ಮಗು ಬೆಳೆಗಿಂತ ಎತ್ತರವಿದ್ದು ಹೊಲವನ್ನು ಬದುವಿನಿಂದ ಬದುವಿನವರೆಗೆ ಮೇಲುಸ್ತುವಾರಿ ಮಾಡಬಲ್ಲ ಕಾಲ ಇದೊಂದೇ. ಮುಂಗಾರಿ ಶೇಂಗಾ ಕೀಳುವುದೂ ಈ ಸುಮಾರಿಗೇ. ಬುಡಸಮೇತ ಕಿತ್ತ ಬಳ್ಳಿ ಮುಂದೆ ಗುಡ್ಡೆಯಾಗಿ ಬಿದ್ದಿರುತ್ತದೆ, ಹೆಂಗಸರು ಸುತ್ತ ಕೂತು ಕಾಯಿ ಹರಿಯುತ್ತಾರೆ. ಕೂತ ಹೆಂಗಸು ಮತ್ತು ನಿಂತ ಮಗು ಒಂದೇ ಎತ್ತರವಿರುವುದರಿಂದ ಇಲ್ಲಿ ಚರ್ಚೆ ಸಮಾನ ನೆಲೆಯಲ್ಲಿ ನಡೆಯುತ್ತದೆ. ಮಗು ಕಾಯಿಯ ಹೊಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತುತ್ತದೆ. ಅದು ಒಡೆಯುವುದಿಲ್ಲ. ಹಲ್ಲಿಗೆ ಕೊಡುತ್ತದೆ, ಮಣ್ಣು ಬಾಯಿಗೆ ಬರುತ್ತದೆ. ಮತ್ತೆ ಒತ್ತುತ್ತದೆ, ಟಪ್ಪೆಂದು ಬಿರಿದು ಹಾಲುಗಾಳೆರಡು ಕಾಣುತ್ತವೆ. ಬೆರಳ ಹಿಡಿತವನ್ನು ಬಲಪಡಿಸುವ ಚಟುವಟಿಕೆ ಎಂದು ನಗರದ ಶಿಶುತಜ್ಞರು ಇಕ್ಕಳ, ಬಣ್ಣದ ಹತ್ತಿಯುಂಡೆ, ಪ್ಲಾಸ್ಟಿಕ್ ತಟ್ಟೆಗಳ ಪೆಟ್ಟಿಗೆ ಮಾರುತ್ತಾರೆ. ಶೇಂಗಾ ಈ ಪೆಟ್ಟಿಗೆಗಿಂತ ಹಳೆಯದು, ಮೇಲಾಗಿ ಒಳಗಿರುವುದನ್ನು ತಿನ್ನಬಹುದು. ಆದರೆ ನಮ್ಮ ಸಿದ್ಧಾಂತದ ಬ್ರಹ್ಮಾಸ್ತ್ರ ಕಡ್ಲಿ. ಬಿತ್ತಿ ತಿಂಗಳು ಕಳೆದ ಮೇಲೆ ಕಡ್ಲಿಯ ಕುಡಿ ಚಿವುಟಬೇಕು. ಚಿವುಟಿದರೆ ಗಿಡ ಮೇಲಕ್ಕೆ ಓಡದೆ ಪಕ್ಕಕ್ಕೆ ಟಿಸಿಲೊಡೆದು ಹೆಚ್ಚು ಕಾಯಿ ಕಟ್ಟುತ್ತದೆ. ಒಂದಡಿಯೂ ಇಲ್ಲದ ಗಿಡದ ಕುಡಿ ಚಿವುಟಲು ದೊಡ್ಡವರು ದಿನವಿಡೀ ಸೊಂಟ ಬಗ್ಗಿಸಬೇಕು. ಮಗು ಕುಕ್ಕರಗಾಲಿನಲ್ಲಿ ಕೂತರಾಯಿತು. ಎಲೆಯ ಮೇಲೆ ಜಿನುಗುವ ಹುಳಿ ಬೆರಳಿಗೆ ಹತ್ತುತ್ತದೆ, ಬೆರಳು ಬಾಯಿಗೆ ಹೋಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ, ಅದೇ ಬೆರಳು ಮರಳಿ ಕುಡಿಗೆ ಬರುತ್ತದೆ. ಸಂಜೆ ಪಲ್ಯಕ್ಕೆ ಒಂದು ಸಣ್ಣ ಬುಟ್ಟಿ ಸೊಪ್ಪು ಉಳಿದರೆ ಕೂಲಿ ಹುಟ್ಟಿದಂತೆ.

ಸಾಕ್ಷ್ಯ ಹೊಲಕ್ಕೇ ಮುಗಿಯುವುದಿಲ್ಲ, ದೇವರುಗಳೂ ನಮ್ಮ ಪರವಾಗಿದ್ದಾರೆ. ಬೇರೆ ಕಾಲದ ದೇವರು ಬೆಟ್ಟದ ಮೇಲೆ, ಗೋಪುರದ ಕೆಳಗೆ, ತೇರಿನ ನೆತ್ತಿಯಲ್ಲಿ ಇರುತ್ತಾರೆ. ನೋಡಬೇಕಾದರೆ ಮಗುವನ್ನು ಯಾರಾದರೂ ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಶರತ್ತಿನ ದೇವರು ಹಾಗಲ್ಲ. ಭಾದ್ರಪದದಲ್ಲೇ ಮುನ್ಸೂಚನೆ ಸಿಗುತ್ತದೆ: ಜೋಕುಮಾರ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಹಚ್ಚಿಸಿಕೊಂಡು ಮನೆಮನೆಗೆ ಬರುತ್ತಾನೆ, ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿದರೆ ಮಗುವಿಗೂ ಅವನಿಗೂ ಮುಖಾಮುಖಿ. ನವರಾತ್ರಿಯ ಘಟದ ಸಸಿ ಒಂದು ಗೇಣು. ದೀಪಾವಳಿ ಪಾಡ್ಯದ ನಸುಕಿನಲ್ಲಿ ಸೆಗಣಿಯಿಂದ ಮಾಡಿ ಹೊಸ್ತಿಲ ಆಚೀಚೆ ಕೂರಿಸುವ ಪಾಂಡವರು ನಿಂಬೆಹಣ್ಣಿನ ಗಾತ್ರದವರು, ತಲೆಗೆ ಉತ್ತರಾಣಿ ಕಡ್ಡಿ ಮತ್ತು ಚೆಂಡುಹೂ ಚುಚ್ಚಿಸಿಕೊಂಡವರು. “ಅವ್ವಾ, ಭೀಮ ಯಾವಾಂವ?” ಎಂದು ಕೇಳುವ ಮಗುವಿಗೆ “ದೊಡ್ಡಾಂವ” ಎಂಬ ಉತ್ತರ ಸಿಗುತ್ತದೆ, ಎಲ್ಲರೂ ಒಂದೇ ಅಳತೆಯಲ್ಲಿರುವುದರಿಂದ ಮಗು ತನಗೆ ಬೇಕಾದವನನ್ನು ಭೀಮನನ್ನಾಗಿ ನೇಮಿಸಿಕೊಳ್ಳುತ್ತದೆ. ಕಾರ್ತಿಕದ ಗೌರಿ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಎರೆದ ಸಕ್ಕರೆಯ ಆನೆ, ಕುದುರೆ, ತೇರುಗಳು ಆರತಿ ತಟ್ಟೆ ಏರುತ್ತವೆ. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಕಳಿಸುವ ಸಕ್ಕರೆ ಆರತಿಯೂ ಇದೇ. ಬೀಗರ ಮನೆಯಿಂದ ಬಂದ ಕುದುರೆಗೆ ಬಾಲವಿರದಿದ್ದರೆ ಅದು ಗಂಡಿನ ಕಡೆಯವರ ಕೊರತೆಯಲ್ಲ, ದಾರಿಯಲ್ಲಿ ತಟ್ಟೆಯ ಪಕ್ಕ ಕೂತು ಬಂದವರ ವಯಸ್ಸಿನ ಸೂಚನೆ.

ಈ ಎಲ್ಲದರ ಶಿಖರ ಶೀಗಿ ಹುಣ್ಣಿಮೆ. ಆಶ್ವೀಜದ ಹುಣ್ಣಿಮೆಯ ದಿನ ಭೂಮಿತಾಯಿಯನ್ನು ಬಸುರಿ ಎಂದು ಬಗೆದು ಬಯಕೆಯ ಊಟ ಒಯ್ಯುತ್ತಾರೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಕರ್ಚಿಕಾಯಿ, ಪುಂಡಿಪಲ್ಯ, ಬುತ್ತಿ, ಬಗೆಬಗೆಯ ಚಟ್ನಿ. ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ಸಾಲಾಗಿಟ್ಟು ಸುಣ್ಣ ಹಚ್ಚಿದರೆ ಅವರೇ ಪಾಂಡವರು. ಕೆಲವರ ಹೊಲದಲ್ಲಿ ಇವರ ಬೆನ್ನ ಹಿಂದೆ ಆರನೆಯ ಕಲ್ಲೊಂದಿರುತ್ತದೆ, ಅದು ಕಳ್ಳ. ಜಾನಪದ ಸಂಶೋಧಕರು ಈ ಕಳ್ಳನ ಗುರುತು ಹಿಡಿಯಲು ಕರ್ಣನವರೆಗೆ ಹೋಗುತ್ತಾರೆ. ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಎಡೆ ಹಿಡಿಯುವ ಮೊದಲೇ ಕರ್ಚಿಕಾಯಿಯ ಬುಟ್ಟಿಯ ಹಿಂದೆ ಯಾರು ಕೂತಿರುತ್ತಾರೆ, ಎಷ್ಟು ಎತ್ತರವಿರುತ್ತಾರೆ ಎಂಬುದನ್ನು ನೋಡಿದರೆ ಸಾಕು. ಹಿರಿಯರು ಹೊಲ ಸುತ್ತಿ ಚರಗ ಚೆಲ್ಲುವಾಗ ಹಿಂದಿನಿಂದ ಓಡುವುದು ಮಗು. ದೊಡ್ಡವರು ಅನ್ನವನ್ನು ಬೇಕೆಂದೇ ನೆಲಕ್ಕೆ ಚೆಲ್ಲುವ, ಚೆಲ್ಲಿದ್ದಕ್ಕೆ ಯಾರೂ ಬೈಯದ ವರ್ಷದ ಅಪರೂಪದ ದಿನ ಇದು. ಉಳಿದ ದಿನಗಳಲ್ಲಿ ಈ ಕೆಲಸವನ್ನು ಮಗು ಒಂದೇ ಮಾಡುತ್ತಿರುತ್ತದೆ ಮತ್ತು ಪೆಟ್ಟು ತಿನ್ನುತ್ತಿರುತ್ತದೆ.

ಪಾಶ್ಚಾತ್ಯರಿಗೆ ಈ ತತ್ತ್ವ ಹೊಳೆಯಲೇ ಇಲ್ಲ ಎನ್ನಲಾಗದು. ಜರ್ಮನಿಯ ಫ್ರೋಬೆಲ್ 1837ರಲ್ಲಿ ತನ್ನ ಸಂಸ್ಥೆ ತೆರೆದು ಮಕ್ಕಳ ಕೈಗೆ ಉಂಡೆ, ಗುಂಡು, ಕಟ್ಟಿಗೆಯ ತುಂಡು ಕೊಟ್ಟ. ಮಾರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದಾಗ ಕುರ್ಚಿ ಮೇಜುಗಳನ್ನು ಮಕ್ಕಳ ಅಳತೆಗೆ ಇಳಿಸಿದ್ದು ಶಿಕ್ಷಣದ ಇತಿಹಾಸದಲ್ಲಿ ಕ್ರಾಂತಿ ಎನಿಸಿಕೊಂಡಿತು. ಕುರ್ಚಿ ಇದ್ದ ದೇಶದಲ್ಲಿ ಅದು ಕ್ರಾಂತಿಯೇ. ಆದರೆ ಇಡೀ ಮನೆತನವೇ ನೆಲದ ಮೇಲೆ ಕೂತು ರೊಟ್ಟಿ ತಿನ್ನುವ ನವಲಗುಂದದಲ್ಲಿ ಇಳಿಸುವುದು ಏನನ್ನು? ಅಲ್ಲಿನ ಹೆಣ್ಣುಮಕ್ಕಳು ನೇಯುವ, ಭೌಗೋಳಿಕ ಗುರುತು ಪಡೆದ ಜಮಖಾನೆಯ ಎತ್ತರ ಸೊನ್ನೆಗೆ ಹತ್ತಿರ. ಸ್ವಾತಿ ಮಳೆ ಹಿಡಿದ ಮಧ್ಯಾಹ್ನ ಅದನ್ನು ಹಾಸಿದರೆ ಅದರ ಮೇಲಿನ ನವಿಲು, ಪಟ್ಟೆ, ಚೌಕಗಳಲ್ಲಿ ಬಣ್ಣದ ಪಾಠವೂ ಎಣಿಕೆಯ ಪಾಠವೂ ಹಾಸಿಕೊಂಡಂತೆಯೇ. ಪಾಂಡವರ ಮಾತು ಬಂದಿದ್ದರಿಂದ ಇನ್ನೊಂದು ವಿಷಯ ದಾಖಲಿಸಬೇಕು. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಕುರ್ಕ್ಯಾಲ ಶಾಸನ ಹೇಳುತ್ತದೆ. ಮುಂದೆ 941ರ ಸುಮಾರಿಗೆ ಆಕೆಯ ಮಗ ಅರ್ಜುನನನ್ನು ನಾಯಕನನ್ನಾಗಿ ಮಾಡಿ ಮಹಾಕಾವ್ಯ ಬರೆದ. ಆ ಕವಿ ಮೂರೂವರೆ ಅಡಿ ಇದ್ದಾಗ ತಾಯಿಯ ತವರಿನ ಹೊಲದಲ್ಲಿ ಐದು ಕಲ್ಲುಗಳ ಮುಂದೆ ಕುಕ್ಕರಿಸಿದ್ದನೇ ಎಂಬ ಬಗ್ಗೆ ಶಾಸನ ಮೌನ. ಮಕ್ಕಳ ವಿಷಯ ಬಂದಾಗ ಸುಮ್ಮನಾಗುವುದು ಶಾಸನಗಳ ಹಳೆಯ ಚಾಳಿ.

ಆಕ್ಷೇಪಗಳಿವೆ. ಮೊದಲನೆಯದು ಗೋವಿನಜೋಳದ್ದು: ಆಳೆತ್ತರ ಬೆಳೆಯುವ ಈ ಪೀಕು ನಮ್ಮ ಅಳತೆಗೋಲನ್ನು ಮುರಿಯುವುದಿಲ್ಲವೇ? ಇಲ್ಲ. ಶರತ್ತಿನಲ್ಲಿ ಅದರ ತೆನೆ ಮುರಿದು, ಕಾಳು ಬಿಡಿಸಿ, ಕಣದಲ್ಲೂ ರಸ್ತೆಯ ಅಂಚಿನಲ್ಲೂ ನೆಲಕ್ಕೆ ಹರವುತ್ತಾರೆ. ಎತ್ತರದ್ದನ್ನು ನೆಲಕ್ಕೆ ತರುವುದೇ ಈ ಋತುವಿನ ಕಸುಬು. ತೊಗರಿಯೂ ಎತ್ತರವೇ, ಆದರೆ ಅದರ ರಾಶಿ ಬರುವುದು ಆಮೇಲೆ, ಹಾಗಾಗಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಎರಡನೆಯದು ಕಲಘಟಗಿಯವರ ತಕರಾರು: ನಮ್ಮದು ಅರೆಮಲೆನಾಡು, ಎರೆ ಹೊಲದ ಮಾತು ನಮಗೆ ಹೊಂದದು. ಅವರ ಭತ್ತ ಕೊಯ್ಲಿಗೆ ಬಂದಾಗ ತೆನೆ ಸರಿಯಾಗಿ ಮಗುವಿನ ಮೂಗಿಗೆ ತಾಗುತ್ತದೆ ಎಂಬುದನ್ನು ಅವರು ಗದ್ದೆಗೆ ಇಳಿದು ಪರೀಕ್ಷಿಸಬಹುದು. ಅಲ್ಲದೆ ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದ ತೊಟ್ಟಿಲಿಗೆ ಹೆಸರಾದ ಊರು ಮಕ್ಕಳ ಅಳತೆಯ ಬಗ್ಗೆ ತಕರಾರು ತೆಗೆಯುವುದು ಶೋಭಿಸದು. ಮೂರನೆಯದು ಸೆಗಣಿಯ ಬಗ್ಗೆ, ಆರೋಗ್ಯದ ಹೆಸರಿನಲ್ಲಿ. ಇದಕ್ಕೆ ಸಾಬೂನು ಸಾಕು, ಸಿದ್ಧಾಂತ ಬದಲಿಸಬೇಕಿಲ್ಲ. ದೀಪಾವಳಿಯ ರಾಕೆಟ್ಟು ಮುಗಿಲಿಗೆ ಹೋಗುತ್ತದಲ್ಲ ಎನ್ನುವವರಿಗೆ ಹೇಳುವುದಿಷ್ಟೇ: ಅದು ಮಕ್ಕಳ ಹೆಸರಿನಲ್ಲಿ ಅಪ್ಪಂದಿರು ಹಚ್ಚುವ ವಸ್ತು, ಮಗು ಆಗ ಕಿವಿ ಮುಚ್ಚಿಕೊಂಡು ಅಜ್ಜಿಯ ಸೆರಗಿನಲ್ಲಿರುತ್ತದೆ.

ನಿಜಕ್ಕೂ ತೊಡಕಿನ ಆಕ್ಷೇಪ ಒಂದೇ. ಮೊಬೈಲು ಕೂಡ ಮೂರೂವರೆ ಅಡಿಯ ಒಳಗೇ ಇದೆ. ಮಗುವಿನ ತೊಡೆಯ ಮೇಲೆ, ನೆಲದಿಂದ ಅರ್ಧ ಅಡಿಯಲ್ಲಿ. ಎತ್ತರವೊಂದೇ ಮಾನದಂಡವಾದರೆ ಅದನ್ನೂ ಶರತ್ತಿನ ಚಟುವಟಿಕೆ ಎಂದು ಒಪ್ಪಬೇಕಾಗುತ್ತದೆ. ಇಲ್ಲಿ ಸಿದ್ಧಾಂತಕ್ಕೊಂದು ತಿದ್ದುಪಡಿ ಅನಿವಾರ್ಯ: ವಸ್ತು ಎತ್ತರದಲ್ಲಿ ಕಡಿಮೆಯಿರಬೇಕು, ಜೊತೆಗೆ ಅದರ ಒಂದಂಶ ಮಗುವಿಗೆ ಅಂಟಿಕೊಳ್ಳಬೇಕು. ಶೇಂಗಾದ ಮಣ್ಣು ಅಂಟುತ್ತದೆ, ಕಡ್ಲಿಯ ಹುಳಿ ಅಂಟುತ್ತದೆ, ಸಕ್ಕರೆ ಕುದುರೆಯ ಬಾಲ ಅಂಟುತ್ತದೆ, ಸೆಗಣಿಯ ಬಗ್ಗೆ ಹೇಳುವುದೇ ಬೇಡ. ಎಲ್ಲಕ್ಕಿಂತ ಮಿಗಿಲಾಗಿ ಎರೆ ಮಣ್ಣು ಅಂಟುತ್ತದೆ. ಮಳೆ ಬಿದ್ದ ಮರುದಿನ ಎರೆ ಹೊಲದಲ್ಲಿ ಹತ್ತು ಹೆಜ್ಜೆ ನಡೆದ ಮಗುವಿನ ಅಂಗಾಲಿಗೆ ಎರಡು ಬೆರಳು ದಪ್ಪ ಮಣ್ಣು ಮೆತ್ತಿ ಅದರ ಎತ್ತರವೂ ತೂಕವೂ ಅಲ್ಲಿಯೇ ಏರುತ್ತವೆ. ಅಂಗನವಾಡಿಯವರು ಎತ್ತರ, ತೂಕ ಬರೆದುಕೊಳ್ಳುವ ದಿನ ಮಕ್ಕಳನ್ನು ಹೊಲದಿಂದ ನೇರವಾಗಿ ಕರೆತಂದರೆ ಅಪೌಷ್ಟಿಕತೆಯ ಅಂಕಿಅಂಶ ಒಂದೇ ದಿನದಲ್ಲಿ ಸುಧಾರಿಸುತ್ತದೆ. ಇಂಥ ಸುಧಾರಣೆಯಲ್ಲಿ ನಂಬಿಕೆಯುಳ್ಳ ಅಧಿಕಾರಿಗಳು ಇರಲಾರರು ಎಂದೇನೂ ಇಲ್ಲ.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಶರತ್ತಿನ ಹೊಸ್ತಿಲಲ್ಲೇ. ಆದ್ದರಿಂದ ಇಲಾಖೆಗೆ ಈ ಪ್ರಬಂಧದ ಏಕೈಕ ಶಿಫಾರಸು ಅದರ ಹುಟ್ಟಿಗೆ ಒಪ್ಪುವಂಥದ್ದೇ. ಶೀಗಿ ಹುಣ್ಣಿಮೆಗೆ ಅಂಗನವಾಡಿಗೆ ರಜೆ ಕೊಡಬೇಡಿ, ಅಂಗನವಾಡಿಯನ್ನೇ ಹೊಲಕ್ಕೆ ಒಯ್ಯಿರಿ. ಎತ್ತು ಚಕ್ಕಡಿ ಸಿಗದಿದ್ದರೆ ಟ್ರ್ಯಾಕ್ಟರಿನ ಟ್ರೇಲರಿಗೆ ಒಂದು ಜಮಖಾನೆ ಹಾಸಿ. ಋತುಗಳ ಚಾರ್ಟನ್ನೂ ಜೊತೆಗೆ ತನ್ನಿ, ಕರ್ಚಿಕಾಯಿ ಇಡಲು ಒಂದು ಹಾಳೆ ಬೇಕಾಗುತ್ತದೆ.