ಪೌಂಡೇಜ್ ಮೀಮಾಂಸೆ

ಪೌಂಡೇಜ್ ಎಂಬ ಇಂಗ್ಲಿಷ್ ಪದಕ್ಕೆ ಮೈಭಾರವೆಂದೂ ಹಣದ ಮೇಲಿನ ಶುಲ್ಕವೆಂದೂ ಎರಡು ಅರ್ಥ ಬರೆದು ನಿಘಂಟುಕಾರರು ಕೈತೊಳೆದುಕೊಂಡಿದ್ದಾರೆ. ಇದು ಪೂರ್ವಪಕ್ಷ. ಎರಡೂ ಕರೆಯದೆ ಬಂದು ಅಂಟಿಕೊಂಡು ಬಿಡಲೊಲ್ಲವಾದ್ದರಿಂದ ಎರಡೂ ಒಂದೇ ಎಂಬುದು ಈ ಪ್ರಬಂಧದ ಸಿದ್ಧಾಂತ.

ಪೌಂಡ್ ಮೊದಲು ತೂಕ, ಆಮೇಲೆ ದುಡ್ಡು. ಒಂದು ಪೌಂಡ್ ಬೆಳ್ಳಿಗೆ 240 ಪೆನ್ನಿ ಟಂಕಿಸುತ್ತಿದ್ದರು. ಸರಕಿನ ಬೆಲೆಯಲ್ಲಿ ಪೌಂಡಿಗೆ 12 ಪೆನ್ಸ್, ಅಂದರೆ ಇಪ್ಪತ್ತರಲ್ಲೊಂದು ಪಾಲು, ಇಂಗ್ಲೆಂಡಿನ ದೊರೆಗೆ ಸಲ್ಲುತ್ತಿದ್ದ ಸುಂಕವೇ ಪೌಂಡೇಜ್. ಪಟ್ಟಕ್ಕೇರಿದ ದೊರೆಗೆ ಇದನ್ನು ಜೀವಾವಧಿ ಬರೆದುಕೊಡುವುದು ಪಾರ್ಲಿಮೆಂಟಿನ ವಾಡಿಕೆಯಾಗಿತ್ತು. 1625ರಲ್ಲಿ ಒಂದನೇ ಚಾರ್ಲ್ಸ್‌ಗೆ ಮಾತ್ರ ಕಾಮನ್ಸ್ ಸಭೆ ‘ಸದ್ಯಕ್ಕೆ ಒಂದು ವರ್ಷ’ ಎಂದಿತು. ದೊರೆ ಕಿವಿಗೆ ಹಾಕಿಕೊಳ್ಳದೆ ವಸೂಲಿ ಮುಂದುವರಿಸಿದ.

ಸಿದ್ಧಾಂತಕ್ಕೆ ಪ್ರತ್ಯಕ್ಷ ಪ್ರಮಾಣ ಒದಗಿದ್ದು 1629ರ ಮಾರ್ಚ್ 2ರಂದು. ದೊರೆಯ ಅಪ್ಪಣೆಯಂತೆ ಸಭೆ ಮುಂದೂಡಲು ಸ್ಪೀಕರ್ ಜಾನ್ ಫಿಂಚ್ ಎದ್ದ. ಸ್ಪೀಕರ್ ಎದ್ದು ಹೋದರೆ ಸಭೆ ಮುಗಿದಂತೆ. ಡೆಂಜಿಲ್ ಹೋಲ್ಸ್, ಬೆಂಜಮಿನ್ ವ್ಯಾಲೆಂಟೈನ್ ಎಂಬಿಬ್ಬರು ಸದಸ್ಯರು ಅವನನ್ನು ಕುರ್ಚಿಗೆ ಒತ್ತಿ ಹಿಡಿದರು. ಬಾಗಿಲಿಗೆ ಬೀಗ ಬಿತ್ತು. ಫಿಂಚ್ ಗಳಗಳ ಅತ್ತ. ಪಾರ್ಲಿಮೆಂಟ್ ಒಪ್ಪದ ಪೌಂಡೇಜ್ ಕಟ್ಟುವವನೂ ದೇಶದ ಶತ್ರುವೇ ಎಂಬ ನಿರ್ಣಯಕ್ಕೆ ಅಷ್ಟರಲ್ಲಿ ‘ಹೌದು’ ಬಿತ್ತು. ಶುಲ್ಕದ ಪೌಂಡೇಜನ್ನು ಎದುರಿಸಿದ್ದು ಇಬ್ಬರ ಮೈಯ ಪೌಂಡೇಜ್ ಎಂಬ ಮುಖ್ಯಾಂಶವನ್ನು ಇತಿಹಾಸಕಾರರು ಯಾಕೋ ಬಿಟ್ಟಿದ್ದಾರೆ. ಚಾರ್ಲ್ಸ್ ಮುಂದಿನ 11 ವರ್ಷ ಪಾರ್ಲಿಮೆಂಟನ್ನೇ ಕರೆಯಲಿಲ್ಲ, ವಸೂಲಿಯನ್ನಂತೂ ನಿಲ್ಲಿಸಲಿಲ್ಲ.

1881ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಪೋಸ್ಟಲ್ ಆರ್ಡರ್ ತಂದಾಗ ಅದರ ಕಮಿಷನ್ನಿಗೂ ಇದೇ ಹೆಸರು. ಮಾಹಿತಿ ಹಕ್ಕಿನ ಅರ್ಜಿಗೆಂದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳುವ ನಮ್ಮವರೂ ಮೇಲೆ ಚಿಲ್ಲರೆ ತೆರುತ್ತಾರೆ, ಹೆಸರು ಗೊತ್ತಿಲ್ಲದೆ.

ಒಂದು ಆಕ್ಷೇಪ ಉಳಿಯಿತು. ಬೀಡಾಡಿ ದನ ಕೂಡುವ ದೊಡ್ಡಿಗೂ ಇಂಗ್ಲಿಷಿನಲ್ಲಿ ಪೌಂಡ್ ಎನ್ನುತ್ತಾರೆ, ಅಲ್ಲಿಯ ಶುಲ್ಕವೂ ಪೌಂಡೇಜೇ. ಆದರೆ ಆ ಪದದ ಮೂಲ ಬೇರೆ, ಅಲ್ಲಿ ತೂಕದ ಮಾತೆಲ್ಲಿ ಬಂತು? ಉತ್ತರ ಭಾರತದ್ದೇ ಆದ 1871ರ ಜಾನುವಾರು ಅತಿಕ್ರಮಣ ಕಾಯಿದೆಯಲ್ಲಿದೆ. ಅದರ ವ್ಯಾಖ್ಯೆಯಲ್ಲಿ ಆನೆಯೂ ಜಾನುವಾರು. ದಂಡ ತಲೆಲೆಕ್ಕದ್ದು, ನಿಜ. ಆದರೆ ಬಿಡಿಸಿಕೊಳ್ಳಬೇಕಾದರೆ ಒಡೆಯ ಮೇವು ನೀರಿನ ಖರ್ಚನ್ನೂ ಕಟ್ಟಬೇಕು. ಆನೆಯ ಮೇವಿನ ಬಾಬ್ತು ಆಡಿನದರಷ್ಟೇ ಇದ್ದೀತೆ? ತೂಕ ಹಿಂಬಾಗಿಲಿನಿಂದ ಒಳಬಂತು, ಸಿದ್ಧಾಂತ ಗೆದ್ದಿತು. ಆನೆಯನ್ನು ದೊಡ್ಡಿಗೆ ಹೊಡೆದುಕೊಂಡು ಹೋಗುವವರು ಯಾರು ಎಂಬುದು ಮುಂದಿನ ಪಿಎಚ್‌.ಡಿ.ಗೆ ಬಿಟ್ಟ ವಿಷಯ.